ಸುಣ್ಣವಿಲ್ಲದೆ ಕೆಂಪಾದ ನೀರು

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನಮ್ಮ ಅತ್ತೆಗೆ ಒಂದೇ ಪರೀಕ್ಷೆ ಗೊತ್ತಿತ್ತು. ಒಂದು ಹಿಡಿ ತೊಗರಿಬೇಳೆ ಹಾಕಿ ಕುದಿಸುವುದು. ಬೇಳೆ ಬೆಂದು ಕರಗಿದರೆ ಸಿಹಿನೀರು, ಕುಡಿಯಲಿಕ್ಕೆ ಬರುತ್ತದೆ. ಎಷ್ಟು ಕುದಿಸಿದರೂ ಕಾಳು ಕಾಳಾಗಿ ಉಳಿದರೆ ಸವಳು ನೀರು, ಅದು ಬಟ್ಟೆ ಪಾತ್ರೆಗೆ ಮಾತ್ರ. ಕಲಬುರ್ಗಿ ಕಡೆಯ ತೊಗರಿ ಸೀಮೆಯಲ್ಲಿ ಹುಟ್ಟಿ ಬೆಳೆದ ಹೆಂಗಸು ಆಕೆ. ಅವರ ತಾಯಿ, ಅಜ್ಜಿ ಎಲ್ಲರೂ ಹೊಸ ಬಾವಿಯ ನೀರನ್ನು ಹೀಗೆಯೇ ನೋಡಿದ್ದರಂತೆ. ಹೆಣ್ಣು ಕೊಡುವಾಗಲೂ ಆ ಊರಿನಲ್ಲಿ ಬೇಳೆ ಬೇಯುತ್ತದೆಯೋ ಇಲ್ಲವೋ ಎಂದು ಮೊದಲು ಕೇಳುವುದು, ವರನ ಸಂಬಳ ಆಮೇಲೆ. ಸವಳು ನೀರಿನ ಊರಿಗೆ ಮಗಳನ್ನು ಕೊಟ್ಟವರನ್ನು ಅತ್ತೆ ಸಾಯುವ ತನಕ ಬೈಯುತ್ತಿದ್ದರು.

ನಮ್ಮ ಮನೆಯವರಿಗೆ ಹೈದರಾಬಾದಿನಲ್ಲಿ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ನೌಕರಿ. ಮೊದಲು ಕೋಠಿಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಸ್ವಂತದ್ದೊಂದು ಸೂರು ಬೇಕೆಂದು ಕಾರ್ಖಾನೆಗಳೇ ತುಂಬಿದ್ದ ಜೀಡಿಮೆಟ್ಲಾದ ಆಚೆ ಹೊಸದಾಗಿ ಬಿದ್ದ ಲೇಔಟಿನಲ್ಲಿ ಜಾಗ ತೆಗೆದುಕೊಂಡು ಮನೆ ಕಟ್ಟಿದೆವು. ಆ ಜಾಗವೆಲ್ಲ ಹಿಂದಿನ ವರ್ಷದವರೆಗೂ ಕಾಯಿಪಲ್ಯೆಯ ಹೊಲ. ಅಡಿಪಾಯ ತೋಡುವಾಗ ಬದನೆ ಗಿಡದ ಬೇರು ಬಂದವು. ಮೊದಮೊದಲು ಸುತ್ತ ಉಳಿದಿದ್ದ ಹೊಲದವರೇ ಬೆಳಿಗ್ಗೆ ಮೆಂತ್ಯ, ಬೆಂಡೆ ತಂದು ಬಾಗಿಲಿಗೆ ಕೊಟ್ಟು ಹೋಗುತ್ತಿದ್ದರು. ನೋಡನೋಡುತ್ತಲೇ ಆ ಹೊಲಗಳಿಗೂ ಸೈಟಿನ ಕಲ್ಲು ನೆಟ್ಟರು. ಆಮೇಲೆ ಮೆಂತ್ಯದ ಕಟ್ಟು ತರಲು ಬಸ್ಸು ಹತ್ತಬೇಕಾಯಿತು.

ಊರು ನಮ್ಮ ತನಕ ಬಂತು, ಊರಿನ ನೀರು ಮಾತ್ರ ಬರಲಿಲ್ಲ. ನಲ್ಲಿ ಇಲ್ಲ. ನಾಲ್ಕಾರು ದಿನಕ್ಕೊಮ್ಮೆ ನೀರಿನ ಟ್ಯಾಂಕರು ಗಲ್ಲಿಯ ಬಾಯಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ನಡೆಯುತ್ತಿದ್ದ ಜಗಳ ಕೇಳಿದರೆ ತೆಲುಗು, ಹಿಂದಿ, ಮರಾಠಿ, ಕನ್ನಡ ನಾಲ್ಕೂ ಭಾಷೆಯ ಬೈಗುಳ ಒಂದೇ ದಿನದಲ್ಲಿ ಕಲಿಯಬಹುದಿತ್ತು. ನಾನಂತೂ ಕಲಿತೆ. ಗ್ಯಾಸಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಾದ ಕಾಲ ಅದು. ನಮ್ಮದು ಚಿಮಣಿ ಎಣ್ಣೆಯ ಸ್ಟವ್, ಆ ಎಣ್ಣೆಯೂ ರೇಷನ್ನಿನದು. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದು ದೇವರಿಗೂ ಗೊತ್ತಿರಲಿಲ್ಲ.

ಮನೆಯ ಹಿಂದೆ ಬೋರು ಹಾಕಿಸಿದ್ದೆವು. ನೀರು ಸಿಕ್ಕಿತು, ಆದರೆ ಸವಳು. ಅತ್ತೆಯ ಪರೀಕ್ಷೆಯಲ್ಲಿ ಫೇಲು. ಟ್ಯಾಂಕರು ಬಾರದ ದಿನ ಅದೇ ನೀರಿನಲ್ಲಿ ಬೇಳೆಗಿಟ್ಟರೆ ಸ್ಟವ್ವಿನ ಎಣ್ಣೆ ಮುಗಿಯುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ. ನೀರಿನ ತಪ್ಪೆಂದು ಅತ್ತೆಗೆ ಗೊತ್ತಿದ್ದರೂ ಬಾಯಿ ಸುಮ್ಮನಿರಬೇಕಲ್ಲ.

"ನಿಮ್ಮ ತವರ್ಯಾಗ ಬ್ಯಾಳಿ ಕುದಸೂದು ಕಲಿಸಿಲ್ಲೇನವಾ?"

"ಕಲಿಸ್ಯಾರ್ರೀ ಅತ್ತಿ. ಕಲ್ಲು ಕುದಸೂದು ಕಲಿಸಿಲ್ಲ."

"ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ," ಎಂದು ಅತ್ತೆ ಗೊಣಗುತ್ತ ಸ್ಟವ್ವಿಗೆ ಮತ್ತಷ್ಟು ಗಾಳಿ ಹಾಕುತ್ತಿದ್ದರು. ಜಗಳವಲ್ಲ ಅದು. ನಮ್ಮಿಬ್ಬರ ಮಾತುಕತೆಯ ಧಾಟಿಯೇ ಹಾಗಿತ್ತು.

ಒಂದು ಬೇಸಿಗೆಯಲ್ಲಿ ಆ ನೀರು ತನ್ನಷ್ಟಕ್ಕೆ ತಾನು ಬದಲಾಯಿತು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅತ್ತೆ ಅಡುಗೆಮನೆಯಿಂದ ಕೂಗಿದರು. "ಬಾರವಾ ಇಲ್ಲಿ, ನೋಡು. ಬ್ಯಾಳಿ ಬೆಣ್ಣಿ ಆಗೇತಿ." ಹೋಗಿ ನೋಡಿದರೆ ಹೌದು. ಬೋರಿನ ನೀರಿನಲ್ಲಿಟ್ಟ ಬೇಳೆ ಎರಡು ಕುದಿಗೇ ಕರಗಿ ಹೋಗಿತ್ತು, ಕಡಗೋಲೂ ಬೇಕಿರಲಿಲ್ಲ. ನಂಬಿಕೆಯಾಗದೆ ಮತ್ತೊಂದು ಹಿಡಿ ಇಟ್ಟರು. ಅದೂ ಹಾಗೆಯೇ. ಅತ್ತೆ ಅಲ್ಲೇ ಕೈ ಮುಗಿದರು. "ಗಂಗವ್ವ ಕಣ್ಣು ತೆರದ್ಲು," ಎಂದರು.

ಮರುದಿನವೇ ಬೋರಿಗೆ ಪೂಜೆ. ಕೊಳವೆಗೆ ಹಸಿರು ಬಳೆ ಏರಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು, ನೀರನ್ನು ತೀರ್ಥವೆಂದು ಎಲ್ಲರ ಅಂಗೈಗೆ ಹಾಕಿದರು. ಕುಡಿದರೆ ನಾಲಿಗೆಯ ಮೇಲೆ ಏನೋ ಒಂಥರಾ ನುಣುಪು. ಅದೇ ಸಿಹಿನೀರಿನ ಗುಣವೆಂದರು ಅತ್ತೆ. ಬಟ್ಟೆಗೆ ಸೋಪು ಅರ್ಧ ಸಾಕಾಯಿತು. ಚಿಮಣಿ ಎಣ್ಣೆ ತಿಂಗಳ ಕೊನೆಗೂ ಉಳಿಯಿತು. ಅನ್ನ ಮಾತ್ರ ಸ್ವಲ್ಪ ಹಳದಿಯಾಗುತ್ತಿತ್ತು, ರೊಟ್ಟಿಯೂ ಹಾಗೆಯೇ. "ಕೇಸರಿ ಹಾಕಿದಂಗ ಆಗೇತಿ, ಉಣ್ಣವಾ," ಎಂದು ನಕ್ಕರು. ನಾನೂ ನಕ್ಕೆ. ನಗಲಿಕ್ಕೆ ಕಾರಣವಿತ್ತು, ಟ್ಯಾಂಕರಿನ ಜಗಳ ತಪ್ಪಿತ್ತು.

ಸುದ್ದಿ ಗಲ್ಲಿಗೆಲ್ಲ ಹಬ್ಬಿತು. ಕರೆಂಟು ಬಂದ ಕೂಡಲೇ ನಮ್ಮ ಗೇಟಿನ ಮುಂದೆ ಕೊಡಗಳ ಸಾಲು. ಅತ್ತೆ ಯಾರಿಗೂ ಇಲ್ಲ ಎನ್ನಲಿಲ್ಲ. ನೀರು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಗಂಗವ್ವ ಮುನಿಯುತ್ತಾಳೆ ಎನ್ನುವವರು. ಟ್ಯಾಂಕರಿಗೆ ಯಾರೂ ಹೋಗದಾದರು. ಹೋಗದ ಗಲ್ಲಿಗೆ ಟ್ಯಾಂಕರಿನವನು ಯಾಕೆ ಬರುತ್ತಾನೆ? ನಿಮಗೆ ನೀರಿದೆಯಲ್ಲ ಎಂದು ನಮ್ಮ ಗಲ್ಲಿಯನ್ನು ಬಿಟ್ಟೇಬಿಟ್ಟ. ನಾವೂ ಕೇಳಲಿಲ್ಲ. ಹಿಂದಿನ ಬಯಲಿನಲ್ಲಿ ಮಾತ್ರ ದಿನವೂ ಒಂದು ಟ್ಯಾಂಕರು ಬಂದು ಹೋಗುವುದು ಕಾಣುತ್ತಿತ್ತು. ಅಲ್ಲಿ ಯಾರೋ ಹೊಸದಾಗಿ ಮನೆ ಕಟ್ಟಿಸುತ್ತಿರಬೇಕು, ನೀರು ತರಿಸುತ್ತಾರೆ ಎಂದುಕೊಂಡಿದ್ದೆವು.

ಅಂಥ ಹೊತ್ತಿನಲ್ಲಿ ನನ್ನ ನಾದಿನಿ ಬಂದಳು, ಅತ್ತೆಯ ಒಬ್ಬಳೇ ಮಗಳು. ಕಲಬುರ್ಗಿಯ ಹತ್ತಿರ ಕೊಟ್ಟಿತ್ತು. ಚೊಚ್ಚಲ ಬಸಿರು, ಐದು ತುಂಬಿದರೂ ವಾಂತಿ ನಿಂತಿರಲಿಲ್ಲ. ತವರಿನಲ್ಲಿದ್ದರೆ ಸುಧಾರಿಸುತ್ತಾಳೆಂದು ಬೀಗರೇ ಮುಂಚಿತವಾಗಿ ಕಳಿಸಿಕೊಟ್ಟರು. ಅತ್ತೆಗೆ ಸಂಭ್ರಮವೋ ಸಂಭ್ರಮ. ಬೇಳೆ ಬೇಯುವ ನೀರು ಬಂದ ವರ್ಷವೇ ಮಗಳ ಬಾಣಂತನ. ಎರಡು ಹೊತ್ತೂ ಬೇಳೆಯ ಕಟ್ಟನ್ನು ಬಸಿದು, ತುಪ್ಪ, ಜೀರಿಗೆ, ಬೆಳ್ಳುಳ್ಳಿ ಹಾಕಿ, ಬಟ್ಟಲು ತುಂಬ ಕುಡಿಸುತ್ತಿದ್ದರು. ಎದುರು ಮನೆಯಲ್ಲೂ ಒಬ್ಬ ಬಸುರಿ ಇದ್ದಳು, ತೆಲುಗಿನ ಹುಡುಗಿ. ಗಂಡ ಆಟೋ ಓಡಿಸುತ್ತಿದ್ದ, ತವರು ಪಕ್ಕದ ಗಲ್ಲಿಯಲ್ಲೇ. ನಾದಿನಿಗೂ ಅವಳಿಗೂ ಗೆಳೆತನವಾಯಿತು. ಬಸುರಿಯ ಕಣ್ಣೆದುರು ಒಬ್ಬಳಿಗೇ ಕೊಡಬಾರದೆಂದು ಅತ್ತೆ ಅವಳಿಗೂ ಒಂದು ಬಟ್ಟಲು ಕಟ್ಟು ಕಳಿಸುತ್ತಿದ್ದರು.

ವಾಂತಿ ನಿಲ್ಲಲಿಲ್ಲ. ಬಾಯಿ ತುಂಬ ಹುಣ್ಣಾಯಿತು. ಬಸಿರಿನ ಕಾವು ಎಂದರು ಅತ್ತೆ. ಅಂಗೈ ಒಣಗಿ ಸಿಪ್ಪೆ ಎದ್ದವು. ಅದಕ್ಕೂ ಕಾವೇ ಕಾರಣವಾಯಿತು. ಕಾವಿಗೆ ಮದ್ದು ಇನ್ನಷ್ಟು ನೀರು ಕುಡಿಯುವುದು. "ಕುಡಿಯವಾ, ತವರಿನ ನೀರು," ಎಂದು ಅತ್ತೆ ತಂಬಿಗೆ ಹಿಡಿದುಕೊಂಡು ಅವಳ ಹಿಂದೆ ಹಿಂದೆಯೇ ಓಡಾಡುತ್ತಿದ್ದರು. ಅವಳು ಪಾಪ, ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದಳು.

ಏಳನೆಯ ತಿಂಗಳಲ್ಲಿ ಕುಬಸ ಇಟ್ಟುಕೊಂಡೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಆರತಿ ಮಾಡುವ ದಿನ. ಸೀರೆ ಬಳೆಗೆ ನಾನೂ ಅತ್ತೆಯೂ ಕೋಠಿಗೆ ಹೋಗಿ ಅಂಗಡಿ ಅಂಗಡಿ ಅಲೆದೆವು. ಊರಿನಿಂದ ಬೀಗಿತ್ತಿ, ಅಂದರೆ ನಾದಿನಿಯ ಅತ್ತೆ, ಬಸ್ಸಿನಲ್ಲಿ ಬಂದರು. ಮಿತಭಾಷಿ, ಗಟ್ಟಿ ಹೆಂಗಸು. ಪರವೂರಿನ ನೀರು ಬಾಯಿಗೆ ಹಾಕುವವರಲ್ಲ. ತಿರುಪಿನ ಮುಚ್ಚಳದ ಹಿತ್ತಾಳೆ ತಂಬಿಗೆಯಲ್ಲಿ ತಮ್ಮ ಮನೆಯ ಬಾವಿಯ ನೀರನ್ನೇ ತುಂಬಿಕೊಂಡು ಬಂದಿದ್ದರು. ಅದನ್ನು ನೋಡಿ ನಮ್ಮ ಅತ್ತೆಗೆ ಒಳಗೊಳಗೇ ಉರಿಯಿತು. "ನಮ್ಮ ನೀರಾಗ ಬ್ಯಾಳಿ ಹೆಂಗ ಬೇಯ್ತೈತಿ ನೋಡೀರಂತ ಅಕ್ಕಾರ," ಎಂದು ಬೀಗಿತ್ತಿಯನ್ನು ಒಲೆಯ ಮುಂದೆ ಕೂಡಿಸಿಯೇ ಹೋಳಿಗೆಯ ಹೂರಣಕ್ಕೆ ಕಡಲೆಬೇಳೆ ಹಾಕಿದರು. ಬೇಳೆ ಬೆಂದ ವೇಗಕ್ಕೆ ಬೀಗಿತ್ತಿ ಹುಬ್ಬೇರಿಸಿದರು. ಅತ್ತೆಯ ಮುಖ ಅರಳಿತು.

ನಡುಮನೆಯಲ್ಲಿ ಗಲ್ಲಿಯ ಹೆಂಗಸರೆಲ್ಲ ತುಂಬಿಕೊಂಡಿದ್ದರು. ನಾದಿನಿಯನ್ನು ಮಣೆಯ ಮೇಲೆ ಕೂಡಿಸಿದ್ದೆವು. ಎದುರು ಮನೆಯ ಹುಡುಗಿ ಅವಳ ಪಕ್ಕದಲ್ಲೇ ಕುಳಿತಿದ್ದಳು. ಅತ್ತೆ ಅವಳ ಕೈಗೂ ಬಳೆ ತೊಡಿಸಿದ್ದರು. ಆರತಿಯ ನೀರು ಕಲಸುವುದು ನನ್ನ ಪಾಲಿನ ಕೆಲಸ. ನಮ್ಮವರಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ತಾಟಿನಲ್ಲಿ ನೀರು, ನೀರಿಗೆ ಅರಿಶಿಣ, ಆಮೇಲೆ ಚಿಟಿಕೆ ಸುಣ್ಣ. ಅರಿಶಿಣದ ನೀರಿಗೆ ಸುಣ್ಣ ಬಿದ್ದ ಕೂಡಲೇ ರಕ್ತದಂತೆ ಕೆಂಪಾಗುತ್ತದೆ. ಅದನ್ನು ನಿವಾಳಿಸಿ ಚೆಲ್ಲಿದರೆ ಬಸುರಿಗೆ ತಾಗಿದ ದೃಷ್ಟಿ ಹೋಗುತ್ತದೆ ಎನ್ನುತ್ತಾರೆ.

ನಾನು ತಾಟಿಗೆ ಬೋರಿನ ನೀರು ಹಾಕಿದೆ. ಅರಿಶಿಣ ಹಾಕಿದೆ. ಎಲೆ ಅಡಿಕೆಯ ತಟ್ಟೆಯಿಂದ ಸುಣ್ಣದ ಡಬ್ಬಿ ತೆಗೆದುಕೊಳ್ಳಲು ಆ ಕಡೆ ಕೈ ಚಾಚಿದೆ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಅದನ್ನು ತೆರೆಯುತ್ತ ತಿರುಗಿ ನೋಡಿದರೆ ತಾಟಿನ ನೀರು ಕೆಂಪಾಗಿತ್ತು.

ಯಾರಾದರೂ ಆಗಲೇ ಸುಣ್ಣ ಹಾಕಿದರೇ ಎಂದು ಸುತ್ತ ನೋಡಿದೆ. ಯಾರೂ ಹತ್ತಿರವಿರಲಿಲ್ಲ. ಬೆರಳು ಅದ್ದಿ ನೋಡಿದೆ. ಬೆರಳಿನ ತುದಿಯೂ ಕೆಂಪು.

"ತಡಾ ಯಾಕವಾ? ಸುಣ್ಣ ಹಾಕಿ ತಾ," ಎಂದರು ಅತ್ತೆ.

"ಸುಣ್ಣ ಇನ್ನೂ ಹಾಕಿಲ್ಲರೀ ಅತ್ತಿ. ಡಬ್ಬಿ ಕೈಯಾಗೇ ಐತಿ."

ಎಲ್ಲರೂ ಬಗ್ಗಿ ನೋಡಿದರು. ಹಾಡು ಹೇಳುತ್ತಿದ್ದವರು ನಿಲ್ಲಿಸಿದರು. ಅತ್ತೆಯ ಕಣ್ಣಲ್ಲಿ ನೀರು ಬಂತು. "ಗಂಗವ್ವ ತಾನ ಬಂದು ಆರತಿ ಕಲಸ್ಯಾಳ," ಎಂದು ತಾಟಿಗೆ ತಲೆಬಾಗಿದರು. ಒಂದಿಬ್ಬರು ಹೆಂಗಸರು ಕೈ ಮುಗಿದರು. ನನಗೆ ಕೈ ಮುಗಿಯಲಾಗಲಿಲ್ಲ. ಸುಣ್ಣ ಹಾಕದೆ ಅರಿಶಿಣ ಕೆಂಪಾದದ್ದನ್ನು ನಾನು ಒಂದೇ ಕಡೆ ಕಂಡಿದ್ದೆ. ಅರಿಶಿಣದ ಕಲೆಯಾದ ಸೀರೆಯನ್ನು ಬಟ್ಟೆ ಸೋಡಾ ಹಾಕಿದ ಬಕೆಟ್ಟಿನಲ್ಲಿ ನೆನೆಸಿದಾಗ. ಅಡುಗೆ ಸೋಡಾ ಹಾಕಿದರೆ ಬೇಳೆ ಬೇಗ ಬೇಯುತ್ತದೆ ಎಂಬುದೂ ಆ ಕ್ಷಣಕ್ಕೇ ನೆನಪಾಯಿತು. ಹಳದಿ ಅನ್ನ, ಅರ್ಧ ಸೋಪು, ನಾಲಿಗೆಯ ನುಣುಪು, ನಾದಿನಿಯ ಬಾಯಿಯ ಹುಣ್ಣು ಎಲ್ಲವೂ ಒಟ್ಟಿಗೇ ತಲೆಗೆ ನುಗ್ಗಿದವು.

"ಅಕ್ಕಾರ, ನಿಮ್ಮ ತಂಬಿಗ್ಯಾಗ ನೀರು ಉಳದಾವೇನ್ರಿ?" ಎಂದು ಬೀಗಿತ್ತಿಯನ್ನು ಕೇಳಿದೆ.

ಅವರು ತಂಬಿಗೆ ತಂದುಕೊಟ್ಟರು. ಇನ್ನೊಂದು ತಾಟಿಗೆ ಆ ನೀರು ಹಾಕಿ ಅದೇ ಅರಿಶಿಣ ಹಾಕಿದೆ. ಹಳದಿಯಾಯಿತು. ಹಳದಿಯಾಗಿಯೇ ಉಳಿಯಿತು. ಎರಡೂ ತಾಟು ಪಕ್ಕಪಕ್ಕದಲ್ಲಿಟ್ಟೆ. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಸುಣ್ಣ, ಸೋಡಾ, ಅರಿಶಿಣ ಎಂದರೇನೆಂದು ಗೊತ್ತಿಲ್ಲದ ಹೆಂಗಸು ಅಲ್ಲಿ ಒಬ್ಬಳೂ ಇರಲಿಲ್ಲ.

"ಅವ್ವಾ, ಇದನ್ನ ನಾ ಎರಡು ತಿಂಗಳ ಕುಡದೀನಲ್ಲ," ಎಂದಳು ನಾದಿನಿ. ಮಣೆಯ ಮೇಲೆ ಕುಳಿತಲ್ಲಿಂದಲೇ, ಮೆಲ್ಲಗೆ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅತ್ತೆ ಅಡುಗೆಮನೆಗೆ ಹೋಗಿ, ಹೂರಣ, ಸಾರು, ಅನ್ನ, ಬೆಳಗಿನಿಂದ ಮಾಡಿಟ್ಟದ್ದನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಹೋಗಿ ಹಿತ್ತಲಿನ ಗುಂಡಿಗೆ ಸುರಿದರು. ಅನ್ನ ಚೆಲ್ಲಿದರೆ ಕಣ್ಣಿಗೊತ್ತಿಕೊಂಡು ಎತ್ತಿಡುತ್ತಿದ್ದ ಹೆಂಗಸು ಆಕೆ. ಬಂದವರೆಲ್ಲ ಉಣ್ಣದೆ ಎದ್ದು ಹೋದರು.

ಮಧ್ಯಾಹ್ನ ನಾನೂ ನಮ್ಮ ಮನೆಯವರೂ ಹಿಂದಿನ ಬಯಲಿಗೆ ಹೋದೆವು. ದಿನವೂ ಬರುತ್ತಿದ್ದ ಟ್ಯಾಂಕರು ಆಗಲೂ ನಿಂತಿತ್ತು. ಅಲ್ಲಿ ಯಾರೂ ಮನೆ ಕಟ್ಟಿಸುತ್ತಿರಲಿಲ್ಲ. ಕಾಯಿಪಲ್ಯೆ ಬೆಳೆಯುತ್ತಿದ್ದ ಕಾಲದ ಹಳೆಯ ತೋಟದ ಬಾವಿ ಇತ್ತು, ಒಣಗಿ ಹೋದದ್ದು. ಟ್ಯಾಂಕರಿನ ದಪ್ಪ ಪೈಪು ಅದರೊಳಗೆ ಇಳಿದಿತ್ತು. ಅದು ನೀರು ತರುವ ಟ್ಯಾಂಕರಲ್ಲ, ಯಾವುದೋ ಕಾರ್ಖಾನೆಯ ಕೊಳಕನ್ನು ತಂದು ಸುರಿಯುವ ಟ್ಯಾಂಕರು. ಬಾವಿಯ ಅಂಚಿನ ಕಲ್ಲುಗಳ ಮೇಲೆ ಬಿಳಿ ಪುಡಿ ಗಡ್ಡೆಗಟ್ಟಿತ್ತು. ನಮ್ಮವರು ಡ್ರೈವರನ ಹತ್ತಿರ ಹೋಗಿ, ಕೆಳಗೆ ನಮ್ಮ ಕುಡಿಯುವ ನೀರಿದೆ ಎಂದರು. ಅವನು ನಮ್ಮನ್ನು ಹುಚ್ಚರನ್ನು ನೋಡಿದ ಹಾಗೆ ನೋಡಿದ. "ಸೂಖಾ ಬಾವ್ಡಿ ಹೈ ಸಾಬ್," ಎಂದ. ಬಾವಿ ಒಣಗಿದೆ, ಅದರಲ್ಲೇನಿದೆ ಎಂದು. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಆಮೇಲೆ ದೂರು, ಅರ್ಜಿ, ಕಚೇರಿ ಎಂದು ನಮ್ಮವರು ಅಲೆದದ್ದೇ ಅಲೆದದ್ದು. ಬಂದು ನೋಡುತ್ತೇವೆ ಎಂದರು ಎಲ್ಲ ಕಡೆಯೂ.

ಮನೆಗೆ ಬಂದು ಕಂಡದ್ದನ್ನು ಹೇಳಿದೆವು. ಅತ್ತೆ ಕೇಳಿಸಿಕೊಂಡು ಬೀಗಿತ್ತಿಯ ಎದುರು ಹೋಗಿ ನಿಂತರು.

"ಅಕ್ಕಾರ, ನಾಳಿ ನೀವು ಹೋಗೂ ಮುಂದ ನನ್ನ ಮಗಳನ್ನ ಕರಕೊಂಡು ಹೋಗ್ರಿ."

ನಾನು ಬೆಚ್ಚಿದೆ. ಚೊಚ್ಚಲ ಹೆರಿಗೆಗೆ ಬಂದ ಮಗಳನ್ನು ಹೆರುವ ಮೊದಲೇ ಅತ್ತೆಮನೆಗೆ ತಿರುಗಿ ಅಟ್ಟುವುದೆಂದರೆ ತವರು ಸತ್ತಂತೆ. ಬೀಗಿತ್ತಿಯೂ ಗಾಬರಿಯಾದರು. "ಮೊದಲನೇದು ತವರ ಮನ್ಯಾಗ ಆಗೂದು ಪದ್ಧತಿ ಅಲ್ಲೇನ್ರಿ? ಮಂದಿ ಏನಂದಾರು?"

"ಅನ್ನಲಿ. ತವರ್ಯಾಗ ಆಕಿಗೆ ಎಲ್ಲಾ ಐತಿ ಅಕ್ಕಾರ. ಕುಡ್ಯಾಕ ನೀರಿಲ್ಲ."

ಮರುದಿನ ಬೆಳಿಗ್ಗೆ ಬಸ್ಸು ಹತ್ತಿಸಿದೆವು. ನಾದಿನಿ ಅಳಲಿಲ್ಲ, ಅತ್ತೆಯೂ ಅಳಲಿಲ್ಲ. ಅತ್ತೆ ಕಿಟಕಿಯಿಂದ ಕೈ ತೂರಿಸಿ ಮಗಳ ಹೊಟ್ಟೆಯನ್ನು ಒಮ್ಮೆ ಸವರಿದರು, ಅಷ್ಟೇ. ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ: ಅಲ್ಲಿಗೆ ಹೋದ ಮೇಲೆ ಹುಣ್ಣು ಮಾಯ್ದವು, ಹೆಣ್ಣು ಕೂಸು ಹುಟ್ಟಿತು, ಸಣ್ಣದಿದ್ದರೂ ಗಟ್ಟಿಯಾಗಿತ್ತು. ನಮ್ಮ ಅತ್ತೆ ನಾಚಿಕೆ ಬಿಟ್ಟು ಬೀಗರ ಮನೆಯಲ್ಲೇ ಹೋಗಿ ಉಳಿದು ಮಗಳ ಬಾಣಂತನ ಮಾಡಿ ಬಂದರು. ಊರೆಲ್ಲ ನಕ್ಕಿತು.

ಆದರೆ ಬಸ್ಸು ಹತ್ತಿಸಿ ಮನೆಗೆ ಬಂದ ಆ ಬೆಳಿಗ್ಗೆಯನ್ನು ನಾನು ಮರೆಯಲಾರೆ. ಗೇಟಿನ ಮುಂದೆ ಕೊಡಗಳು ಸಾಲಾಗಿ ಕೂತಿದ್ದವು, ಎಂದಿನಂತೆ. ನಿನ್ನೆ ಎರಡು ತಾಟನ್ನೂ ಕಣ್ಣಾರೆ ಕಂಡವರೇ ಎಲ್ಲ. ನನಗೆ ದಿಗ್ಭ್ರಮೆಯಾಯಿತು. ಇವರಿಗೆ ಅರ್ಥವಾಗಲಿಲ್ಲವೇ ಎಂದು ಸಿಟ್ಟೂ ಬಂತು.

"ಇದು ವಿಷ ಐತಿ, ಯಾರೂ ಒಯ್ಯಬ್ಯಾಡ್ರಿ," ಎಂದರು ಅತ್ತೆ. ತಮಗೆ ಬರುವ ತೆಲುಗಿನಲ್ಲೂ ಮತ್ತೊಮ್ಮೆ ಹೇಳಿದರು.

ಯಾರೂ ಕೊಡ ಎತ್ತಲಿಲ್ಲ. ಎದುರು ಮನೆಯ ಹುಡುಗಿ ಸಾಲಿನಲ್ಲಿದ್ದಳು. ನಿನ್ನೆ ತೊಡಿಸಿದ ಹಸಿರು ಬಳೆ ಕೈಯಲ್ಲಿದ್ದವು. ಟ್ಯಾಂಕರು ಬರುವುದಿಲ್ಲ, ಗಂಡ ನಿನ್ನೆಯಿಂದ ಎರಡು ಸಲ ಹೋಗಿ ಕೇಳಿ ಬಂದ, ಮುಂದಿನ ವಾರ ನೋಡೋಣ ಅಂದರಂತೆ ಎಂದಳು. ನಿಮ್ಮ ಮಗಳನ್ನು ಬೇರೆ ನೀರಿನ ಊರಿಗೆ ಕಳಿಸಿದಿರಿ, ಒಳ್ಳೆಯದಾಯಿತು ಎಂದಳು. ಅದರಲ್ಲಿ ಕೊಂಕಿರಲಿಲ್ಲ. ತನ್ನ ತವರೂ ಇದೇ ಬೋರಿನ ನೀರು ಕುಡಿಯುತ್ತದೆ ಎಂದಳು. ಆಮೇಲೆ ಕೇಳಿದಳು. "ನೇನು ಯಾಡಿಕಿ ಪೋವಾಲೆ ಪೆದ್ದಮ್ಮಾ?"

ನಾನು ಎಲ್ಲಿಗೆ ಹೋಗಲಿ ದೊಡ್ಡಮ್ಮಾ ಎಂದು. ಅತ್ತೆ ಅವಳ ಹೊಟ್ಟೆಯನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಕರೆಂಟು ಬಂತು; ಒಳಗೆ ಲೈಟು ಹತ್ತಿದ್ದು ಕಾಣಿಸಿತು. ಬೇರೆ ದಿನವಾಗಿದ್ದರೆ ಸಾಲಿನಲ್ಲಿ ಗುಲ್ಲೆದ್ದು ಕೊಡಗಳು ಮುಂದೆ ಸರಿಯುತ್ತಿದ್ದವು. ಯಾರೂ ಅಲುಗಾಡಲಿಲ್ಲ. ಅತ್ತೆ ಒಳಗೆ ಹೋದರು. ಮೋಟಾರಿನ ಸದ್ದು ಕೇಳಿಸಿತು.

ಪೈಪು ಹಿಡಿದುಕೊಂಡು ಹೊರಗೆ ಬಂದರು. ಬಸುರಿ ಹೆಂಗಸು ಬಿಸಿಲಲ್ಲಿ ಬಹಳ ಹೊತ್ತು ನಿಲ್ಲಬಾರದೆಂದು, ಎಲ್ಲರಿಗಿಂತ ಮೊದಲು ಅವಳ ಕೊಡ ತುಂಬಿಸಿದರು.